ಅವನು ಬಂದಾಗ ಮಗ್ಗ ನಿಲ್ಲುತ್ತಿತ್ತು

"ನಾ ಮುಟ್ಟಿದ್ರ ಮುಖಾ ತಿರುಗಿಸ್ತೈತಿ, ನೀವು ಮುಟ್ಟಿದ ಕೂಡ್ಲೇ ಹಾಳಿ ಹೊರಗ ಹಾಕ್ತೈತಿ! ಇದೇನು ಪ್ರಿಂಟರ್ರೋ, ನೀವು ಸಾಕಿದ ನಾಯಿಯೋ?"

ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ದಾನೇಶ್ವರಿಯ ದನಿ ಪಡಸಾಲೆಯ ಮೂಲೆ ಮೂಲೆಗೂ ಕೇಳಿಸಿತು. ಜಮಖಂಡಿಯ ಕಂಪ್ಯೂಟರ್ ಅಂಗಡಿಯಿಂದ ಬಂದಿದ್ದ ಹುಡುಗ ಪ್ರಿಂಟರಿನ ಹಿಂದಿನಿಂದ ನಿಧಾನವಾಗಿ ತಲೆಯೆತ್ತಿದ. ಹಣೆಗೆ ಹತ್ತಿಯ ಧೂಳು ಮೆತ್ತಿಕೊಂಡಿತ್ತು. ಕಣ್ಣಲ್ಲಿ ಮಾತ್ರ ತುಂಟ ನಗು.

"ನಾಯಿ ನಮ್ಮಪ್ಪನ ಖಾತೆರೀ. ತಿಮ್ಮಾಪುರದ ಮುಧೋಳ ನಾಯಿ ಸಾಕೂ ಕೇಂದ್ರದಾಗ ನೌಕರಿ ಮಾಡ್ತಾರ. ನಾ ಬರೇ ಪ್ರಿಂಟರ್ ನೋಡ್ಕೋತೀನಿ."

"ಹೆಸರೇನು?"

"ದುರಗೇಶರೀ. ಊರು ಮುಧೋಳ."

"ನಾ ಕೇಳಿದ್ದು ರೋಗದ ಹೆಸರು!"

ಪಾಪ, ಹುಡುಗನ ಕಿವಿ ಕೆಂಪಾಯಿತು. ಆದರೂ ಸೋಲಲಿಲ್ಲ. "ರೋಗದ ಹೆಸರು ಆಫ್‌ಲೈನ್ ರೀ. ಕಾರಣ ಇನ್ನೂ ಸಿಕ್ಕಿಲ್ಲ."

ದಾನೇಶ್ವರಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. 'ನಕ್ರ ತಲಿ ಮ್ಯಾಲ ಕೂಡ್ತಾನ' ಎಂದುಕೊಂಡು ತುಟಿ ಬಿಗಿಹಿಡಿದಳು.

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗವಿಲ್ಲದ ಮನೆಯೇ ಇಲ್ಲ. ದಾನೇಶ್ವರಿಯ ತಂದೆ ಶಿದ್ರಾಮಪ್ಪನ ಮನೆಯ ಹಿಂಭಾಗದ ಶೆಡ್ಡಿನಲ್ಲಿ ಆರು ಪವರ್‌ಲೂಮ್‌ಗಳು ಬೆಳಗಿನಿಂದ ಸಂಜೆಯವರೆಗೂ ಖಟಖಟ ಎನ್ನುತ್ತಿದ್ದವು. ಸೀರೆಯ ಅಂಚಿನ ದಡಿಗೆ, ಸೆರಗಿಗೆ ಬೇಕಾದ ಡಿಸೈನ್ ಮಾತ್ರ ಇಚಲಕರಂಜಿಯಿಂದ ಬರಬೇಕಾಗಿತ್ತು. ಡಿಪ್ಲೊಮಾ ಓದಿ ಬಂದ ದಾನೇಶ್ವರಿ ಅದಕ್ಕೇ ಅಪ್ಪನ ಜೊತೆ ಜಗಳಕ್ಕೆ ಬಿದ್ದಿದ್ದಳು.

"ನಮ್ಮ ಸೀರಿಗೆ ಮಂದಿ ಊರಿನ ಹೂವು ಯಾಕಪ್ಪಾ? ನಾ ಬರದು ಕೊಡ್ತೀನಿ!"

ಕೊನೆಗೆ ಶಿದ್ರಾಮಪ್ಪ ಒಪ್ಪಿದ. ಮಾಳಿಗೆಯ ಕೋಣೆಗೆ ಕಂಪ್ಯೂಟರ್ ಬಂತು. ಅಗಲ ಹಾಳೆಯ ದೊಡ್ಡ ಪ್ರಿಂಟರ್ ಮಾತ್ರ ಆ ಇಕ್ಕಟ್ಟಿನ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಪಡಸಾಲೆಯಲ್ಲೇ ಕೂತಿತು. ವೈಫೈ ಡಬ್ಬಿ ಶೆಡ್ಡಿನ ಬಾಗಿಲ ಪಕ್ಕದ ಗೂಡಿನಲ್ಲಿ ಕೂತಿತು. ಅವಳು ಮೇಲೆ ಬಿಡಿಸಿದ ಡಿಸೈನ್ ಕೆಳಗೆ ಚೌಕಳಿ ಹಾಳೆಯಾಗಿ ಹೊರಬರಬೇಕು. ಅದನ್ನು ನೋಡಿ ರಟ್ಟಿನ ಪಟ್ಟಿಗೆ ತೂತು ಹೊಡೆಯಬೇಕು. ಆಗಲೇ ಮಗ್ಗದಲ್ಲಿ ಹೂವು ಅರಳುವುದು.

ಆದರೆ ಪ್ರಿಂಟರ್ ದಿನಾ ಕೈಕೊಡುತ್ತಿತ್ತು. ಒಂದು ಹಾಳೆ ಬಂದರೆ ಮುಂದಿನ ಹಾಳೆಗೆ 'ಆಫ್‌ಲೈನ್'!

"ಹಬ್ಬದ ಸೀಜನ್ ತನಕಾ ನೋಡ್ತೀನಿ" ಎಂದಿದ್ದ ಶಿದ್ರಾಮಪ್ಪ. "ಆಗಲಿಲ್ಲಂದ್ರ ಯಂತ್ರಾ ಮಾರಿ ಕೋಣಿ ಖಾಲಿ ಮಾಡೂದು. ಮೊದಲಿನಂಗ ಇಚಲಕರಂಜಿಯಿಂದ ತರಸ್ತೀನಿ."

ಆ ಕೋಣೆ ಹೋದರೆ ತಾನು ಮತ್ತೆ ಬರೀ ಮನೆಮಗಳು. ಅದು ದಾನೇಶ್ವರಿಗೆ ಚೆನ್ನಾಗಿ ಗೊತ್ತಿತ್ತು.

ದುರಗೇಶ ಬರುತ್ತಿದ್ದ. ಪ್ರಿಂಟರನ್ನು ಕಂಪ್ಯೂಟರಿನಿಂದ ತೆಗೆದು ಮತ್ತೆ ಸೇರಿಸುತ್ತಿದ್ದ. ಮೇಲಿಂದ ಹಾಳೆ ಕಳಿಸಿದರೆ ಕೆಳಗೆ ಸರಾಗವಾಗಿ ಬರುತ್ತಿತ್ತು. ಒಂದಲ್ಲ, ಹತ್ತಲ್ಲ, ಎಷ್ಟು ಕಳಿಸಿದರೂ! ಅವನು ಗಾಡಿ ಏರಿ ಓಣಿಯ ತಿರುವು ದಾಟಿದನೋ ಇಲ್ಲವೋ... ಮತ್ತೆ ಆಫ್‌ಲೈನ್.

"ಕರೆಂಟ್ ಹೋಗಿ ಬರ್ತೈತೇನ್ರಿ?" ಎಂದು ಒಮ್ಮೆ ಕೇಳಿದ್ದ.

"ಇಲ್ಲಲ್ರಿ. ಮ್ಯಾಲ ಯುಪಿಎಸ್ ಐತಿ, ಕಂಪ್ಯೂಟರ್ ಒಮ್ಮೆನೂ ಬಂದ್ ಆಗಿಲ್ಲ."

ಅವನು ತಲೆ ಕೆರೆದುಕೊಳ್ಳುತ್ತಿದ್ದ. ಅವಳು ಚಹಾ ತಂದಿಡುತ್ತಿದ್ದಳು. ಆ ಡಬ್ಬಿ, ಈ ವೈರು ಎಂದು ಶುರುವಾದ ಮಾತು ಅವಳ ಡಿಸೈನಿಗೆ ಬರುತ್ತಿತ್ತು.

"ಈ ದಡಿಯೊಳಗ ಜ್ವಾಳದ ತೆನಿ ಬಿಡಿಸೀರೇನ್ರಿ?"

ಅವಳು ಬೆರಗಾದಳು. ಮನೆಯಲ್ಲಿ ಯಾರೂ ಅದನ್ನು ಗುರುತಿಸಿರಲಿಲ್ಲ. "ಹೌದ್ರಿ... ನಿಮಗ ಹೆಂಗ ಗೊತ್ತಾತು?"

"ಬಾಗಿದ ರೀತಿ ನೋಡಿದ್ರ ಗೊತ್ತಾಗೂದಿಲ್ಲೇನು? ಕಾಳು ತುಂಬಿದ ತೆನಿ ಅದು."

ಅಂದಿನಿಂದ ದಾನೇಶ್ವರಿಗೆ ಏನೋ ಆಯಿತು! ಪ್ರಿಂಟರ್ ಕೈಕೊಟ್ಟರೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನ ಅಡಿಯಲ್ಲಿ ಒಂದು ಖುಷಿಯೂ ಇರುತ್ತಿತ್ತು. ಅಂಗಡಿಗೆ ಫೋನ್ ಮಾಡಿ ಬೈದು, ಫೋನಿಟ್ಟ ಮೇಲೆ ಕನ್ನಡಿ ಮುಂದೆ ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದಳು. 'ಎಲಾ ದಾನವ್ವ, ಏನ್ ನಡಿಸೀಯೇ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಇಂಥದ್ದು ಓಣಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಎದುರು ಮನೆಯ ಸಿದ್ದಕ್ಕ ಕಟ್ಟೆಯ ಮೇಲೆ ನೂಲಿನ ಕಂಡಿಕೆ ಸುತ್ತುತ್ತ ಎಲ್ಲ ನೋಡುತ್ತಿದ್ದಳು.

"ಯವ್ವಾ ದಾನೀ, ಆ ಮುಧೋಳದ ಹುಡುಗನ ಗಾಡಿ ನಿಮ್ಮ ಬಾಗಲದಾಗ ಬಾಳ ನಿಲ್ತೈತಲ್ಲ? ಯಾವ ಓಣಿಯಾಂವ ಗೊತ್ತೈತಿಲ್ಲೋ?"

"ಪ್ರಿಂಟರಿಗೆ ಓಣಿ ಗೊತ್ತಾಗೂದಿಲ್ಲ ಸಿದ್ದಕ್ಕಾ!"

"ಪ್ರಿಂಟರಿಗೆ ಗೊತ್ತಾಗಲಿಕ್ಕಿಲ್ಲ. ಊರಿಗೆ ಗೊತ್ತಾಗ್ತೈತಿ. ಒಂದ ಮಾತ ಕೇಳ್ತೀನಿ ನೋಡು... ಅಂವ ಇದ್ದಾಗ ಛಲೋ ಇರ್ತೈತಿ, ಹೋದ ಕೂಡ್ಲೇ ಕೆಡ್ತೈತಿ ಅಂದ್ರ, ಅದು ತಾನಾಗೇ ಕೆಡ್ತೈತೋ? ಅಂವ ಕೆಡಿಸಿ ಹೋಗ್ತಾನೋ?"

ದಾನೇಶ್ವರಿ ಆ ಮಾತನ್ನು ತಳ್ಳಿಹಾಕಬೇಕೆಂದುಕೊಂಡಳು, ಆಗಲಿಲ್ಲ. ರಾತ್ರಿಯಿಡೀ ಹೊರಳಾಡಿದಳು. 'ಹೌದಲ್ಲ... ಅವನ ಕೈಯಲ್ಲಿ ಒಮ್ಮೆಯೂ ಕೆಟ್ಟಿಲ್ಲವಲ್ಲ! ನನ್ನ ಕೋಣೆ, ನನ್ನ ಕೆಲಸ, ಎಲ್ಲ ಇವನಿಗೆ ಆಟವೇ?'

ಮರುದಿನ ರಬಕವಿಯ ಸೀರೆ ವ್ಯಾಪಾರಿ ಗಿರಮಲ್ಲಪ್ಪನಿಂದ ಫೋನ್ ಬಂತು. ದಾನೇಶ್ವರಿಯ ಜೋಳದ ತೆನೆಯ ದಡಿಯನ್ನು ಸೋಮವಾರ ನೋಡುತ್ತಾನಂತೆ. ಹಿಡಿಸಿದರೆ ಹಬ್ಬದ ಸೀರೆಗೆ ಅದೇ ದಡಿ. ಅವಳು ಮೇಲೆ ಓಡಿ ಹಾಳೆ ಕಳಿಸಿದಳು.

ಆಫ್‌ಲೈನ್.

ದುರಗೇಶ ಬಂದ. ಎಂದಿನಂತೆ ಒಳಗೆ ಕಾಲಿಟ್ಟ. ಎಂದಿನಂತೆ ಶಿದ್ರಾಮಪ್ಪ ಮೇನ್ ಸ್ವಿಚ್ಚಿಗೆ ಕೈಹಾಕಿದ, ಆರೂ ಮಗ್ಗ ನಿಂತವು. ದುರಗೇಶ ಎಂದಿನಂತೆ ಮಾಡಿದ, ಹಾಳೆ ಸರ್ರನೆ ಹೊರಗೆ ಬಂತು.

ಅದೇ ಸರ್ರೆಂಬ ಸದ್ದು ಅವಳ ನೆತ್ತಿಗೇರಿತು.

"ಸಾಕ ಮಾಡ್ರಿ ಈ ನಾಟಕಾ!"

ಅವನು ತಿರುಗಿದ. "ಏನ್ರಿ?"

"ನೀವಿದ್ದಾಗ ನಡೀತೈತಿ, ನೀವು ಹೋದ ಕೂಡ್ಲೇ ನಿಲ್ತೈತಿ. ನಂಗೇನ ತಿಳಿಯೂದಿಲ್ಲ ಅಂದ್ಕೊಂಡೀರೇನು? ಮತ್ತ ಮತ್ತ ಬರಾಕಂತ ಬೇಕಂತನ ಕೆಡಿಸಿ ಹೋಗ್ತೀರಿ!"

ಮಗ್ಗಗಳು ನಿಂತಿದ್ದವಲ್ಲ... ಶೆಡ್ಡಿನಲ್ಲಿದ್ದ ನೇಕಾರ ಕಾಮಣ್ಣನಿಗೂ ಕೇಳಿಸಿತು. ಶಿದ್ರಾಮಪ್ಪನಿಗೂ ಕೇಳಿಸಿತು. ಎದುರಿನ ಕಟ್ಟೆಗೂ ಕೇಳಿಸಿತು.

ದುರಗೇಶನ ಮುಖ ಬಿಳುಚಿತು. ಚೀಲಕ್ಕೆ ಒಂದೊಂದೇ ಸಾಮಾನು ತುಂಬಿದ. ಆಮೇಲೆ ತಲೆಯೆತ್ತಿ ನೇರವಾಗಿ ಅವಳನ್ನು ನೋಡಿದ.

"ಮತ್ತ ಬರಬೇಕಂತ ಮನಸ್ಸಿತ್ತು. ಖರೆ. ಅದಕ್ಕಂತ ನಿಮ್ಮ ಕೆಲಸ ಕೆಡಿಸೂ ಮನಷ್ಯಾ ನಾ ಅಲ್ಲ." ಅವನು ಚೀಲ ಹೆಗಲಿಗೇರಿಸಿದ. "ಒಂದ ಮಾತ ಹೇಳಿ ಹೋಗ್ತೀನಿ. ನಾ ಒಳಗ ಕಾಲಿಟ್ಟ ಕೂಡ್ಲೇ ಈ ಮನ್ಯಾಗ ಆರೂ ಮಗ್ಗ ನಿಲ್ತಾವ. ಎಲ್ಲಾರೂ ಕೆಲಸಾ ಬಿಟ್ಟು ನನ್ನ ಕಡೆ ನೋಡ್ತಾರ. ನಮ್ಮಪ್ಪ ಸಣ್ಣಾಂವಿದ್ದಾಗ ಕೆಲವು ಅಂಗಳದಾಗ ಕಾಲಿಟ್ರ ಮೈಲಿಗಿ ಆತಂತ ಹಿಂಗ ಕೆಲಸ ನಿಲ್ತಿತ್ತಂತ. ಅದನ್ನೂ ನುಂಗ್ಕೊಂಡು ಬಂದೆ. ಯಾಕ ಗೊತ್ತೇನ್ರಿ? ಮೆಟ್ಟಲ ಮ್ಯಾಲ ನೀವು ನಿಂತಿರ್ತೀರಂತ."

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ದಾನೇಶ್ವರಿ ಕಂಬ ಹಿಡಿದು ನಿಂತಳು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

"ಸೋಮವಾರ ಗಿರಮಲ್ಲಪ್ಪಗ ತೋರಸಾಕ ಎಲ್ಲಾ ಹಾಳಿ ಇರಲಿಲ್ಲಂದ್ರ ಈ ಯಂತ್ರಾ ಈ ಮನ್ಯಾಗ ಇರೂದಿಲ್ಲ. ಓಣಿ ಮಂದಿ ಮುಂದ ಇಷ್ಟ ಆದದ್ದ ಸಾಕು."

"ಇರ್ತೈತಪ್ಪಾ!" ಕಣ್ಣೀರಿನ ನಡುವೆಯೂ ಅವಳು ತಲೆ ಬಾಗಿಸಲಿಲ್ಲ. "ಯಾರೂ ಬರೂದ ಬ್ಯಾಡ. ರೋಗಾ ನಾನ ಹುಡುಕ್ತೀನಿ."

ಹಟವೆಂದರೆ ಹಟ! ಮರುದಿನ ಬೆಳಿಗ್ಗೆ ಅವಳು ಮಾಳಿಗೆ ಹತ್ತಲೇ ಇಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಪ್ರಿಂಟರಿನ ಎದುರೇ ಕೂತಳು. ಅದರ ನೀಲಿ ದೀಪ ನೋಡುವುದು, ಗೂಡಿನಲ್ಲಿದ್ದ ವೈಫೈ ಡಬ್ಬಿಯ ಹಸಿರು ದೀಪ ನೋಡುವುದು, ಅಷ್ಟೇ ಕೆಲಸ. ತಾಯಿ ಮಾದೇವಿ ರೊಟ್ಟಿ ತಂದು ಅಲ್ಲೇ ಇಟ್ಟಳು.

"ದೆವ್ವಾ ಕಾದಂಗ ಕುಂತೀಯಲ್ಲೇ!"

"ಇದರೊಳಗ ಹೊಕ್ಕಿದ್ದೂ ದೆವ್ವಾನ ಬೇ!"

ಮಧ್ಯಾಹ್ನ ನೇಕಾರರು ಊಟಕ್ಕೆದ್ದರು. ಮಗ್ಗ ನಿಂತವು. ಅವಳು ಮೇಲೆ ಓಡಿ, ದುರಗೇಶ ಮಾಡುತ್ತಿದ್ದುದನ್ನೇ ನೆನಪಿಸಿಕೊಂಡು ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿದಳು. ಹಾಳೆ ಬಂತು! ಇನ್ನೊಂದು ಕಳಿಸಿ ಕೆಳಗೆ ಬಂದು ಕೂತಳು. ಅದೂ ಬಂದಿತ್ತು!

ಊಟ ಮುಗಿಸಿ ಬಂದ ಕಾಮಣ್ಣ ಮೇನ್ ಸ್ವಿಚ್ ಹಾಕಿದ. ಆರೂ ಮಗ್ಗ ಒಮ್ಮೆಲೇ ಗುಡುಗಿದವು. ತಲೆಯ ಮೇಲಿನ ಬಲ್ಬು ಒಂದು ಕ್ಷಣ ಮಂಕಾಯಿತು.

ಹಸಿರು ದೀಪ ಆರಿತು. ಮತ್ತೆ ಹತ್ತಿತು.

ಅವಳು ಎದ್ದು ನಿಂತಳು. "ಕಾಮಣ್ಣಾ! ನಿಲ್ಲಸು!"

"ಏನಾತ್ರಿ ಅಕ್ಕಾರ?"

"ನಿಲ್ಲಸಂದ್ರ ನಿಲ್ಲಸು!"

ಮಗ್ಗ ನಿಂತವು. ಅವಳು ಮತ್ತೆ ಮೇಲೆ ಹೋಗಿ ಎಲ್ಲ ಸರಿಮಾಡಿ ಬಂದಳು. "ಈಗ ಚಾಲೂ ಮಾಡು!"

ದೀಪ ಆರಿತು, ಹತ್ತಿತು. ಮೇಲೆ ಓಡಿ ನೋಡಿದಳು. ಪ್ರಿಂಟರ್ ಆಫ್‌ಲೈನ್.

ಎಲ್ಲ ಅರ್ಥವಾಯಿತು. ಆ ಡಬ್ಬಿ ಮಗ್ಗದ ಲೈನಿನಲ್ಲೇ ಕರೆಂಟು ಕುಡಿಯುತ್ತಿತ್ತು. ಮಗ್ಗಗಳು ಒಟ್ಟಿಗೆ ಎದ್ದಾಗ ಅದಕ್ಕೆ ಸಾಲದಾಗಿ ಸತ್ತು ಮತ್ತೆ ಹುಟ್ಟುತ್ತಿತ್ತು. ಮತ್ತೆ ಹುಟ್ಟಿದಾಗ ಪ್ರಿಂಟರಿಗೆ ವಿಳಾಸದಂಥ ಹೊಸ ನಂಬರು ಕೊಡುತ್ತಿತ್ತು. ಮೇಲಿದ್ದ ಕಂಪ್ಯೂಟರ್ ಹಳೆಯ ನಂಬರನ್ನೇ ಕೂಗುತ್ತ ಕೂತಿರುತ್ತಿತ್ತು.

ಅವನು ಇದನ್ನು ಯಾಕೆ ಕಂಡುಹಿಡಿಯಲಿಲ್ಲ?

ಹೇಗೆ ಕಂಡುಹಿಡಿದಾನು! ಅವನು ಬಂದಾಗಲೆಲ್ಲ ಮಗ್ಗ ನಿಲ್ಲಿಸುತ್ತಿದ್ದವರು ತಾವೇ. ಅವನು ಹೋದ ಮೇಲೆ ಹಾಕುತ್ತಿದ್ದವರೂ ತಾವೇ!

ಮನೆಗೆ ಯಾರು ಬಂದರೂ ಮಗ್ಗ ನಿಲ್ಲಿಸಬೇಕೆಂಬುದು ಅವಳ ಅಜ್ಜ ಮಾಡಿಟ್ಟ ಪದ್ಧತಿ. ಬಂದವರ ಮಾತು ಮಗ್ಗದ ಸದ್ದಿನಲ್ಲಿ ಮುಳುಗಬಾರದೆಂದು. ಅದು ಮರ್ಯಾದೆ. ಅದನ್ನು ಅವನು ಏನೆಂದು ತಿಳಿದುಕೊಂಡು, ಎಷ್ಟು ನುಂಗಿಕೊಂಡು, ಆದರೂ ಬಂದ... 'ಮೆಟ್ಟಲ ಮ್ಯಾಲ ನೀವು ನಿಂತಿರ್ತೀರಂತ...'

ದಾನೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊಂಟೀ?" ಅಪ್ಪ ಕೇಳಿದ.

"ಜಮಖಂಡಿಗೆ. ತಪ್ಪ ಮಾಡೇನಿ, ಒಪ್ಕೊಂಡು ಬರ್ತೀನಿ."

"ಫೋನ್ ಹಚ್ಚು."

"ಎಲ್ಲಾರ ಮುಂದ ಅಂದೀನಿ ಅಪ್ಪಾ. ಫೋನಿನ್ಯಾಗ ಒಪ್ಕೊಂಡ್ರ ನ್ಯಾಯ ಆಗೂದಿಲ್ಲ."

ಕಟ್ಟೆಯ ಮೇಲಿದ್ದ ಸಿದ್ದಕ್ಕ ಏನೋ ಕೇಳಲು ಬಾಯಿ ತೆರೆದಳು. ದಾನೇಶ್ವರಿ ನಿಂತು ಅವಳಿಗೆ ಹೇಳಿಯೇ ಹೋದಳು. "ಆ ಮುಧೋಳದ ಹುಡುಗನ್ನ ಕರಕೊಂಡು ಬರಾಕ ಹೊಂಟೇನಿ ಸಿದ್ದಕ್ಕಾ. ಚಂದಂಗ ನೋಡ್ಕೋರಿ!"

ಜಮಖಂಡಿಯ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳನ್ನು ಕಂಡ ದುರಗೇಶ ಕೈಯಲ್ಲಿದ್ದ ಕೀಬೋರ್ಡ್ ಕೆಳಗಿಟ್ಟ. ಮುಖ ಕಲ್ಲಾಗಿತ್ತು.

"ಬ್ಯಾರೇದವರ್ನ ಕಳಸ್ತೀನ್ರಿ."

"ನಂಗ ಬ್ಯಾರೇದವರು ಬ್ಯಾಡ." ಗಿರಾಕಿಗಳು ತಿರುಗಿ ನೋಡಿದರು. ನೋಡಲಿ! "ನಾ ಅಂದದ್ದು ಸುಳ್ಳು. ರೋಗಾ ಸಿಕ್ತು. ಮಗ್ಗ ಚಾಲೂ ಆದಾಗ ವೈಫೈ ಡಬ್ಬಿ ಸಾಯ್ತೈತಿ. ನೀವು ಬಂದಾಗ ಮಗ್ಗ ನಿಲ್ಲಸ್ತೀವಿ, ಅದಕ್ಕ ನಿಮಗ ಅದು ಎಂದೂ ಕಾಣಲಿಲ್ಲ."

ಅವಳು ಉಸಿರು ಎಳೆದುಕೊಂಡಳು.

"ಇನ್ನೊಂದು... ಆ ಮಗ್ಗ ನಿಲ್ಲಸೂದು ನೀವು ತಿಳ್ಕೊಂಡಂಗ ಅಲ್ಲರಿ. ಬಂದವರ ಮಾತು ಸದ್ದಿನ್ಯಾಗ ಮುಳಗಬಾರದಂತ ನಮ್ಮಜ್ಜ ಮಾಡಿದ ಪದ್ಧತಿ. ರಬಕವಿ ಸಾವಕಾರ ಬಂದ್ರೂ ನಿಲ್ತಾವ, ಹಾಲ ಹಾಕಾಂವ ಬಂದ್ರೂ ನಿಲ್ತಾವ."

"ಅದು..." ಅವನು ಒಂದು ಹೆಜ್ಜೆ ಮುಂದೆ ಬಂದ. "ಅದು ಮರ್ಯಾದಿ ಏನ್ರಿ?"

"ಮರ್ಯಾದಿ."

ಅವನು ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕ.

"ನೀವು ನನ್ನ ತಪ್ಪ ತಿಳ್ಕೊಂಡ್ರಿ. ನಾ ನಿಮ್ಮ ಮನೀನ ತಪ್ಪ ತಿಳ್ಕೊಂಡೆ. ಲೆಕ್ಕ ಸಮಾ ಆತು."

"ಹಂಗಾರ ಗಾಡಿ ತಗೀರಿ. ಬಸ್ಸಿನ್ಯಾಗ ಬಾಳ ಗದ್ಲ."

ಬನಹಟ್ಟಿಯ ಓಣಿಗೆ ಗಾಡಿ ಬಂದಾಗ ಸಂಜೆಯ ಬಿಸಿಲು ಇಳಿಯುತ್ತಿತ್ತು. ಹಿಂದೆ ಕೂತಿದ್ದ ದಾನೇಶ್ವರಿಯನ್ನು ಕಂಡು ಸಿದ್ದಕ್ಕನ ಕೈಯ ಕಂಡಿಕೆ ಜಾರಿ ಉರುಳಿತು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ದುರಗೇಶ ಹೊಸಿಲು ದಾಟಿದ. ಶಿದ್ರಾಮಪ್ಪನ ಕೈ ಅಭ್ಯಾಸದಂತೆ ಸ್ವಿಚ್ಚಿಗೆ ಹೋಯಿತು. ಮಗ್ಗ ನಿಂತವು. ನಿನ್ನೆಯಂಥದ್ದೇ ಮೌನ... ಎಲ್ಲರ ಕಣ್ಣೂ ಬಾಗಿಲಲ್ಲಿದ್ದ ಇಬ್ಬರ ಮೇಲೆ.

"ಅಪ್ಪಾ, ಮಗ್ಗ ಚಾಲೂ ಮಾಡ್ರಿ. ಇವರಿಗೆ ನಿಲ್ಲಸೂದು ಬ್ಯಾಡ."

ಶಿದ್ರಾಮಪ್ಪನ ಹುಬ್ಬು ಗಂಟಿಕ್ಕಿತು. "ಬಂದವರಿಗೆ ನಿಲ್ಲಸೂದು ಈ ಮನಿ ಪದ್ಧತಿ."

"ಬಂದವರಿಗೆ ನಿಲ್ಲಸ್ರಿ. ಮನಿ ಮಂದಿಗೆ ಯಾರೂ ಮಗ್ಗ ನಿಲ್ಲಸೂದಿಲ್ಲ." ಅವಳು ದುರಗೇಶನ ಪಕ್ಕಕ್ಕೆ ಸರಿದು ನಿಂತಳು. "ಇವರು ಈ ಮನಿ ಮಂದಿ ಆಗ್ಬೇಕಂತ ನನ್ನ ಮನಸ್ಸೈತಿ. ನಿನ್ನೆ ಎಲ್ಲಾರ ಮುಂದ ಬೈದೆ. ಇವತ್ತ ಎಲ್ಲಾರ ಮುಂದ ಇದನ್ನೂ ಹೇಳ್ತೀನಿ."

ಮಾದೇವಿ ಕೈಯಲ್ಲಿದ್ದ ತಂಬಿಗೆ ಹಾಗೇ ಹಿಡಿದು ನಿಂತಳು. ಶಿದ್ರಾಮಪ್ಪ ಮಗಳನ್ನು ನೋಡಿದ. ಆಮೇಲೆ ಹುಡುಗನನ್ನು ನೋಡಿದ.

"ನಿನಗ?"

"ಮೊದಲನೇ ದಿನದಿಂದ ಐತ್ರಿ." ದುರಗೇಶ ಕಣ್ಣು ತಪ್ಪಿಸಲಿಲ್ಲ. "ಆದ್ರ ನಾ ಯಾವ ಓಣಿಯಾಂವ ಅಂತ ನೀವು ಮೊದಲ ಕೇಳ್ಬೇಕ್ರಿ."

"ಅದನ್ನ ಸಿದ್ದಕ್ಕ ಎಂದೋ ಬಂದು ಹೇಳ್ಯಾಳ." ಶಿದ್ರಾಮಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈ ಒರೆಸಿಕೊಂಡ. "ಅಕಿ ಹೇಳಿದ ಮ್ಯಾಲೂ ನೀ ಬಂದಾಗೆಲ್ಲಾ ಮಗ್ಗ ನಿಲ್ಲಸೇನಿ. ಅದಕ್ಕಿಂತ ಹೆಚ್ಚಿಂದು ನಂಗ ಹೇಳಾಕ ಬರೂದಿಲ್ಲ."

ದಾನೇಶ್ವರಿಯ ಕಣ್ಣು ತುಂಬಿ ಬಂತು. ಶಿದ್ರಾಮಪ್ಪ ಇಬ್ಬರಿಗೂ ಬೆನ್ನು ತಿರುಗಿಸಿದ. ತಾನೇ ಸ್ವಿಚ್ ಹಾಕಿದ.

ಆರು ಮಗ್ಗಗಳೂ ಒಟ್ಟಿಗೆ ಗುಡುಗಿದವು! ದುರಗೇಶ ಅದೇ ಮೊದಲ ಸಲ ಒಳಗೆ ನಿಂತು ಆ ಮನೆಯ ನಿಜವಾದ ಸದ್ದು ಕೇಳಿದ. ಬೆಚ್ಚಿಬಿದ್ದ ಅವನನ್ನು ನೋಡಿ ಕಾಮಣ್ಣ ಬಿದ್ದು ಬಿದ್ದು ನಕ್ಕ. ಗೂಡಿನ ಹಸಿರು ದೀಪ ಆರಿ ಹತ್ತಿತು.

"ಸಿಕ್ಕಿಯಲ್ಲಲೇ ಮಗನ!" ಎಂದು ದುರಗೇಶ ಡಬ್ಬಿಗೆ ಹೇಳಿದ.

ಮೇಲಿನ ಯುಪಿಎಸ್‌ನಿಂದ ಒಂದು ವೈರು ಇಳಿಸಿ ಡಬ್ಬಿಗೆ ಕೊಟ್ಟ. ಪ್ರಿಂಟರಿಗೆ ಎಂದೂ ಬದಲಾಗದ ಹಾಗೆ ಒಂದೇ ನಂಬರು ಕಟ್ಟಿದ. ಕಾಮಣ್ಣ ಬೇಕೆಂದೇ ಮಗ್ಗ ನಿಲ್ಲಿಸಿ ಹಾಕಿದ, ಮತ್ತೆ ನಿಲ್ಲಿಸಿ ಹಾಕಿದ. ಹಸಿರು ದೀಪ ಅಲುಗಲಿಲ್ಲ. ಜೋಳದ ತೆನೆಯ ಹಾಳೆಗಳು ಮಗ್ಗದ ಗದ್ದಲದಲ್ಲೇ ಒಂದರ ಮೇಲೊಂದು ಬಂದು ಬಿದ್ದವು.

ದುರಗೇಶ ಹೊರಡುವಾಗ ಶಿದ್ರಾಮಪ್ಪ ಬಾಗಿಲವರೆಗೆ ಬಂದ. "ನಿಮ್ಮಪ್ಪಗ ಬರಾಕ ಹೇಳು. ಅವರಿಗೆ ಮಗ್ಗ ನಿಲ್ಲಸ್ತೀನಿ."

ಸೋಮವಾರ ಗಿರಮಲ್ಲಪ್ಪ ಹಾಳೆಗಳನ್ನು ತಿರುವಿ ತಿರುವಿ ನೋಡಿ, "ಈ ದಡಿ ಬ್ಯಾರೇ ಯಾರಿಗೂ ಕೊಡಬ್ಯಾಡವಾ" ಎಂದು ಹೇಳಿ ಹೋದ. ಮಾಳಿಗೆಯ ಕೋಣೆ ಉಳಿಯಿತು.

ಮರುವಾರ ಮುಧೋಳದಿಂದ ದುರಗೇಶನ ತಂದೆ ಹುಲೆಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅವನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಆರೂ ಮಗ್ಗ ನಿಂತವು. ಹುಲೆಪ್ಪನೂ ನಿಂತುಬಿಟ್ಟ. ಕಾಲು ಹಿಂದೆ ಸರಿಯಿತು. ಹಳೆಯದೇನೋ ನೆನಪಾಗಿ ಮುಖ ಬಾಡಿತು.

ಶಿದ್ರಾಮಪ್ಪ ಶೆಡ್ಡಿನಿಂದ ಓಡಿ ಬಂದ. ಕೈಗೆ ಅಂಟಿದ್ದ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡು, ಎರಡೂ ಕೈಯಿಂದ ಅವನ ಕೈ ಹಿಡಿದ.

"ಬರ್ರಿ ಒಳಗ. ನಿಮ್ಮ ಮಾತು ನಮಗ ನೆಟ್ಟಗ ಕೇಳಸ್ಲಿ ಅಂತ ನಿಲ್ಲಸೀವ್ರಿ."

ಹುಲೆಪ್ಪನ ಕಣ್ಣು ಒದ್ದೆಯಾಯಿತು. ಅವನು ಹಿಡಿದ ಕೈಯನ್ನು ಬಿಡಲಿಲ್ಲ. ಇಬ್ಬರೂ ಹಾಗೇ ಒಳಗೆ ನಡೆದರು.

ಮೆಟ್ಟಿಲ ಮೇಲೆ ದಾನೇಶ್ವರಿ ನಿಂತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ದುರಗೇಶ.

"ಪ್ರಿಂಟರ್ ಹೆಂಗೈತ್ರಿ?" ಅವನು ಮೆಲ್ಲಗೆ ಕೇಳಿದ.

"ಒಮ್ಮೆನೂ ಕೈಕೊಟ್ಟಿಲ್ಲ." ಅವಳು ಮುಖ ಊದಿಸಿದಳು. "ಹಿಂಗಾದ್ರ ನಿಮ್ಮನ್ನ ಕರಸಾಕ ಏನ ನೆವಾ ಹೇಳೂದು?"

"ಇನ್ನ ನೆವಾ ಯಾಕ ಬೇಕು? ಬಾ ಅನ್ರಿ, ಸಾಕು."

ಅವಳು ಒಂದು ಮೆಟ್ಟಿಲು ಇಳಿದಳು.

"ಬಾ" ಎಂದಳು.